ಇನ್ಸುಲಿನೋಮಾ: ಅವ್ವನ ಶುಗರ್ ರಾತ್ರಿ 3 ಗಂಟೆಗೆ ಬಿದ್ದುಹೋಗುತ್ತದೆ, ಏನು ತಿನ್ನಿಸಬೇಕು?

ಕಕ್ಕಬ್ಬೆ ಮೆಣಸು · ಶನಿವಾರ ರಾತ್ರಿ 11:40

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೈಕೋಬೇಡಿ. ಮಳೆಗೆ ಕರೆಂಟ್ ಹೋಗಿದೆ, ಫೋನಿನಲ್ಲಿ 30 ಪರ್ಸೆಂಟ್ ಉಳಿದಿದೆ, ಅಷ್ಟರೊಳಗೆ ಬರೆದು ಮುಗಿಸುತ್ತೇನೆ.

ಅವ್ವನಿಗೆ 58 ವಯಸ್ಸು. ಎರಡು ವರ್ಷದಿಂದ ಬೆಳಿಗ್ಗೆ ಎದ್ದಾಗ ಒಂಥರಾ ಮಂಕು. ಒಲೆ ಮುಂದೆ ನಿಂತು, ಯಾಕೆ ಬಂದೆ ಅಂತ ಮರೆತವರ ಹಾಗೆ ನೋಡುತ್ತಿದ್ದರು. ಒಂದು ದಿನ ಕಾಫಿಗೆ ಬೆಲ್ಲದ ಬದಲು ಉಪ್ಪು ಹಾಕಿಕೊಂಡು ಪೂರ್ತಿ ಕುಡಿದರು. ನಾವೆಲ್ಲ ನಕ್ಕೆವು. ಈಗ ನೆನೆಸಿಕೊಂಡರೆ ಸಂಕಟವಾಗುತ್ತದೆ. ಒಬ್ಬರು ವಯಸ್ಸು ಅಂದರು, ಇನ್ನೊಬ್ಬರು ಮುಟ್ಟು ನಿಂತ ಮೇಲೆ ಹೀಗೇ ಅಂದರು, ಕೊನೆಗೆ ಫಿಟ್ಸ್ ಅಂತ ಹೇಳಿ ಎಂಟು ತಿಂಗಳು ಮಾತ್ರೆ ನುಂಗಿಸಿದರು. ಒಂದು ರಾತ್ರಿ 3 ಗಂಟೆಗೆ ಕಂಬಳಿ ಮಡಚುತ್ತಾ ಕೂತಿದ್ದರು. ಮಡಚುವುದು, ಬಿಚ್ಚುವುದು, ಮತ್ತೆ ಮಡಚುವುದು. ಕರೆದರೆ ಉತ್ತರ ಇಲ್ಲ, ಮೈಯೆಲ್ಲ ಬೆವರು. ಚಿಕ್ಕಪ್ಪನ ಶುಗರ್ ಮಿಷನ್ ಮನೆಯಲ್ಲೇ ಇತ್ತು, ಏನೋ ತೋಚಿ ಚುಚ್ಚಿ ನೋಡಿದೆ. 38.

ಆಮೇಲೆ ಮೈಸೂರಿನಲ್ಲಿ ಅಡ್ಮಿಟ್ ಮಾಡಿ ಉಪವಾಸ ಇಟ್ಟು ಟೆಸ್ಟ್ ಮಾಡಿದರು. 72 ಗಂಟೆ ಅಂದಿದ್ದರು, 19ನೇ ಗಂಟೆಗೇ 41ಕ್ಕೆ ಬಂತು. ಸ್ಕ್ಯಾನಿನಲ್ಲಿ ಮೇದೋಜೀರಕದಲ್ಲಿ 1.4 ಸೆಂಟಿಮೀಟರಿನ ಗಡ್ಡೆ. ಇನ್ಸುಲಿನೋಮಾ. ಆಪರೇಷನ್‌ಗೆ ಇನ್ನೂ ಐದು ವಾರ ಇದೆ.

"ಆಗಾಗ ಸ್ವಲ್ಪ ಸ್ವಲ್ಪ ತಿನ್ನಿಸಿ" ಎಂದು ಕಳಿಸಿದ್ದಾರೆ. ಏನನ್ನು ಅಂತ ಕೇಳೋದು ಮರೆತೆ. ಕಕ್ಕಬ್ಬೆ ಅಂದಮೇಲೆ ಮನೆಯಲ್ಲಿ ಜೇನಿಗೆ ಬರವಿಲ್ಲ. ಶುಗರ್ ಬಿದ್ದಾಗೆಲ್ಲ ಜೇನು ಕೊಡುತ್ತೇನೆ, ಏರುತ್ತದೆ, ಒಂದು ಗಂಟೆಯಲ್ಲಿ ಮತ್ತೆ 50. ಅವ್ವ 9 ಕೆಜಿ ದಪ್ಪ ಆಗಿದ್ದಾರೆ. ನಾನು ನಿದ್ದೆ ಮಾಡಿ ತಿಂಗಳಾಯಿತು. ನಮ್ಮ ಅಡುಗೆಯಲ್ಲೇ ಏನು ಕೊಟ್ಟರೆ ರಾತ್ರಿ ನಿಲ್ಲುತ್ತದೆ?

ಗೋಣಿಕೊಪ್ಪ ಟೈಮ್‌ಪಾಸ್ · ಶನಿವಾರ ರಾತ್ರಿ 11:52

ನಮ್ಮನೇಲಿ ಎಲ್ಲರಿಗೂ ಶುಗರ್ ಜಾಸ್ತಿ, ನಿಮ್ಮನೇಲಿ ಕಮ್ಮಿ. ಪುಣ್ಯ ಮಾಡಿದ್ದೀರಿ. ಮೈಸೂರ್ ಪಾಕ್ ತಿನ್ನಿಸಿ, ಮುಗೀತು.

ಹಾರಂಗಿ ದಂಡೆ · ಶನಿವಾರ ರಾತ್ರಿ 11:58

ಟೈಮ್‌ಪಾಸ್ ಅಣ್ಣ, 38 ಅಂದರೆ ಪ್ರಜ್ಞೆ ತಪ್ಪಿ ಜೀವಕ್ಕೇ ಬರಬಹುದು. ಪೋಸ್ಟ್ ಪೂರ್ತಿ ಓದಿ ಬರೆಯಿರಿ.

ಹಳೇ ನರ್ಸಮ್ಮ · ಭಾನುವಾರ ಬೆಳಿಗ್ಗೆ 6:15

ವಿರಾಜಪೇಟೆ ಕಡೆಯವಳು ನಾನು, 31 ವರ್ಷ ವಾರ್ಡಿನಲ್ಲಿ ದುಡಿದು ರಿಟೈರ್ ಆಗಿದ್ದೇನೆ. ಇಂಥ ಕೇಸ್ ನೋಡಿದ್ದು ಎರಡೇ ಎರಡು. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಒಬ್ಬರಿಂದ ನಾಲ್ಕು ಜನಕ್ಕೆ ಬರುವ ಕಾಯಿಲೆ. 2011ರ ಜನಗಣತಿಯಲ್ಲಿ ನಮ್ಮ ಇಡೀ ಜಿಲ್ಲೆ ಐದೂವರೆ ಲಕ್ಷ. ಹಾಗಾಗಿ ಊರಿನ ಡಾಕ್ಟರು ಫಿಟ್ಸ್ ಅಂದುಕೊಂಡರು ಅಂತ ತುಂಬಾ ಕೋಪ ಮಾಡಿಕೊಳ್ಳಬೇಡ ಮಗಳೇ. ಎಲ್ಲ ಕಡೆಯೂ ಹೀಗೇ ಆಗುತ್ತದೆ. ಕೆಲವರನ್ನು ಮನೋರೋಗದ ಡಾಕ್ಟರ ಹತ್ತಿರ ಕಳಿಸಿದ್ದೂ ಇದೆ.

ಏನಾಗುತ್ತಿದೆ ಅಂತ ಮೊದಲು ತಿಳಿದುಕೊ. ತೋಟದಲ್ಲಿ ಟ್ಯಾಂಕ್ ತುಂಬಿದ ಮೇಲೂ ಮೋಟಾರ್ ಓಡುತ್ತಲೇ ಇದ್ದರೆ ಹೇಗೆ, ಹಾಗೆ. ನಮಗೆ ಶುಗರ್ ಇಳಿದಾಗ ಇನ್ಸುಲಿನ್ ತಾನಾಗಿ ನಿಲ್ಲುತ್ತದೆ. ಆ ಗಡ್ಡೆಗೆ ಸ್ವಿಚ್ಚೇ ಇಲ್ಲ. ಹೊಟ್ಟೆ ಖಾಲಿ ಇದ್ದರೂ ಸುರಿಸುತ್ತಿರುತ್ತದೆ. ಅದಕ್ಕೇ ಬೆಳಗಿನ ಜಾವ ಬೀಳುವುದು.

ಇನ್ನು ಜೇನು. ಜೇನು ಊಟ ಅಲ್ಲ, ಔಷಧಿ ಅಂದುಕೊ. 70ಕ್ಕಿಂತ ಕೆಳಗೆ ಬಂದರೆ ಒಂದು ದೊಡ್ಡ ಚಮಚ ಜೇನು, ಇಲ್ಲಾ ಮೂರು ಟೀ ಚಮಚ ಗ್ಲೂಕೋಸ್ ಪುಡಿ ನೀರಲ್ಲಿ. ಸುಮಾರು 15 ಗ್ರಾಂ ಸಕ್ಕರೆ ಆಗುತ್ತದೆ. 15 ನಿಮಿಷ ಕಾದು ಮತ್ತೆ ಚುಚ್ಚು. ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಏರಿತು ಅಂತ ಬಿಟ್ಟು ಮಲಗಬೇಡ, ನೀನು ತಪ್ಪುತ್ತಿರುವುದು ಅಲ್ಲೇ. ಏರಿದ ಮೇಲೆ ಗಟ್ಟಿ ತಿಂಡಿ ಹೊಟ್ಟೆಗೆ ಬೀಳಬೇಕು. ರೊಟ್ಟಿ, ಮೊಟ್ಟೆ, ಕಡಲೆಕಾಯಿ, ಏನಾದರೂ.

ಒಂದು ಕೇಳುತ್ತೇನೆ. ಅವ್ವ ರಾತ್ರಿ ಊಟ ಎಷ್ಟು ಗಂಟೆಗೆ ಮಾಡುತ್ತಾರೆ?

ಕಕ್ಕಬ್ಬೆ ಮೆಣಸು · ಭಾನುವಾರ ಬೆಳಿಗ್ಗೆ 7:02

ಆಂಟಿ, 7 ಗಂಟೆಗೆ. ಮೊದಲಿಂದಲೂ ಅದೇ ಅಭ್ಯಾಸ. ಎಂಟೂವರೆಗೆ ದೀಪ ಆರಿಸಿ ಮಲಗಿಬಿಡುತ್ತಾರೆ.

ಹಳೇ ನರ್ಸಮ್ಮ · ಭಾನುವಾರ ಬೆಳಿಗ್ಗೆ 7:05

ಬೆಳಗಿನ ತಿಂಡಿ?

ಕಕ್ಕಬ್ಬೆ ಮೆಣಸು · ಭಾನುವಾರ ಬೆಳಿಗ್ಗೆ 7:09

ಎಂಟಕ್ಕೆ. ಅಯ್ಯೋ. 13 ಗಂಟೆ.

ಹಳೇ ನರ್ಸಮ್ಮ · ಭಾನುವಾರ ಬೆಳಿಗ್ಗೆ 7:10

ಆಸ್ಪತ್ರೆಯಲ್ಲಿ ಒಂದು ಸಲ ಮಾಡಿದ ಟೆಸ್ಟನ್ನು ನೀವು ಮನೆಯಲ್ಲಿ ದಿನಾ ಮಾಡುತ್ತಿದ್ದೀರಿ.

ಶುಂಠಿಕೊಪ್ಪ ಸೈಕಲ್ · ಭಾನುವಾರ ಬೆಳಿಗ್ಗೆ 9:30

ನನಗೇ ಇತ್ತು ಇದು. 2019ರಲ್ಲಿ ಆಪರೇಷನ್ ಆಯಿತು, ಈಗ ಆರಾಮಾಗಿದ್ದೇನೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ ಅಕ್ಕ, ಧೈರ್ಯ ಬರಲಿ. ನೂರರಲ್ಲಿ ತೊಂಬತ್ತು ಗಡ್ಡೆ ಕ್ಯಾನ್ಸರ್ ಅಲ್ಲ. ಹೆಚ್ಚಿನವರಿಗೆ ಒಂದೇ ಇರುತ್ತದೆ, ಎರಡು ಸೆಂಟಿಮೀಟರಿಗಿಂತ ಚಿಕ್ಕದು, ತೆಗೆದರೆ ಮುಗಿಯಿತು.

ಕಾಯುವಾಗ ನಾನು ಮಾಡುತ್ತಿದ್ದದ್ದು ಹೇಳುತ್ತೇನೆ. ಹಗಲು ಮೂರು ಗಂಟೆಗೊಮ್ಮೆ ತಿನ್ನುವುದು. ಬರೀ ಅನ್ನ, ಬರೀ ಗಂಜಿ ಇಲ್ಲ. ಗಂಜಿ ಬೇಗ ಕರಗಿ, ಬೇಗ ಏರಿಸಿ, ಬೇಗ ಇಳಿಸುತ್ತದೆ. ಅದರ ಜೊತೆ ಕಾಳು, ಮೊಟ್ಟೆ, ಮಾಂಸ, ತುಪ್ಪ ಏನಾದರೂ ಇದ್ದರೆ ನಿಧಾನ. ಮಲಗುವಾಗ ಹಸಿ ಕಾರ್ನ್‌ಫ್ಲೋರ್ ತಣ್ಣಗಿನ ಹಾಲಿನಲ್ಲಿ ಕಲಸಿ ಕುಡಿಯುತ್ತಿದ್ದೆ. ನನಗೆ ಡಯಟಿಷಿಯನ್ ಎರಡು ದೊಡ್ಡ ಚಮಚ ಅಂದಿದ್ದರು. ನಿಮ್ಮ ಅವ್ವನಿಗೆ ಎಷ್ಟು ಅಂತ ಕೇಳಿಕೊಳ್ಳಿ. ರುಚಿ ಕೇಳಬೇಡಿ. ಹೊಟ್ಟೆ ಉಬ್ಬರವೂ ಆಗುತ್ತದೆ. ಆದರೆ ರಾತ್ರಿ ನಿದ್ದೆ ಬಂತು.

ಕುಶಾಲನಗರ ಅಮ್ಮಿ · ಭಾನುವಾರ ಬೆಳಿಗ್ಗೆ 10:11

ಕಾರ್ನ್‌ಫ್ಲೋರ್ ಅಂದರೆ ಜೋಳದ ಹಿಟ್ಟು ತಾನೇ? ಹಸಿ ಕುಡಿದರೆ ಹೊಟ್ಟೆ ಕೆಡಲ್ವಾ? ಕುದಿಸಿ ಸೂಪ್ ಥರ ಮಾಡಿಕೊಡಿ ಪಾಪ.

ಶುಂಠಿಕೊಪ್ಪ ಸೈಕಲ್ · ಭಾನುವಾರ ಬೆಳಿಗ್ಗೆ 10:20

ಕುದಿಸಿದರೆ ಕೆಲಸ ಕೆಟ್ಟಿತು ಅಮ್ಮಾ! ಬೆಂದ ಪಿಷ್ಟ ಬೇಗ ಸಕ್ಕರೆ ಆಗುತ್ತದೆ. ಹಸಿ ಇದ್ದರೇ ಕರುಳಿನಲ್ಲಿ ನಿಧಾನಕ್ಕೆ ಒಡೆದು ಗಂಟೆಗಟ್ಟಲೆ ಸಕ್ಕರೆ ಬಿಡುವುದು. ಬಿಸಿ ಹಾಲಿಗೂ ಹಾಕಬಾರದು. ಹಳದಿ ಮೆಕ್ಕೆಜೋಳದ ಹಿಟ್ಟಲ್ಲ, ಬೆಳ್ಳಗೆ ನುಣ್ಣಗೆ, ಬೆರಳಲ್ಲಿ ಒತ್ತಿದರೆ ಕಿರ್ ಅನ್ನುತ್ತಲ್ಲ, ಗೋಬಿಗೆ ಹಾಕುವುದು, ಅದು. ನಮ್ಮನೇಲಿ ಮೊದಲ ದಿನ ಕಸ್ಟರ್ಡ್ ಪುಡಿ ತಂದಿದ್ದರು.

ಗೋಣಿಕೊಪ್ಪ ಟೈಮ್‌ಪಾಸ್ · ಭಾನುವಾರ ಬೆಳಿಗ್ಗೆ 10:31

ಕಸ್ಟರ್ಡ್ ಚೆನ್ನಾಗಿತ್ತಾ?

ಶುಂಠಿಕೊಪ್ಪ ಸೈಕಲ್ · ಭಾನುವಾರ ಬೆಳಿಗ್ಗೆ 10:33

ಮಕ್ಕಳು ತಿಂದರು.

ಔಷಧಿ ತೋಟ · ಭಾನುವಾರ ಮಧ್ಯಾಹ್ನ 12:45

ಆಪರೇಷನ್‌ಗೆ ಆತುರ ಬೇಡ. ಹಸಿರು ಮದ್ದು ಮಾಡಿ ನೋಡಿ. ಮಧುನಾಶಿನಿ ಎಲೆ, ಹಾಗಲಕಾಯಿ ರಸ, ಮೆಂತೆ ನೆನೆಸಿದ ನೀರು. ಶುಗರ್ ಹತೋಟಿಗೆ ಬಂದೇ ಬರುತ್ತೆ. ನಮ್ಮ ಮಾವನಿಗೆ 280 ಇದ್ದದ್ದು 140ಕ್ಕೆ ಇಳಿಯಿತು.

ಹಳೇ ನರ್ಸಮ್ಮ · ಭಾನುವಾರ ಮಧ್ಯಾಹ್ನ 12:50

ಇಳಿಯಿತು ಅಂತ ನೀವೇ ಹೇಳುತ್ತಿದ್ದೀರಲ್ಲ ಸ್ವಾಮಿ. ಇವರಿಗೆ ಇಳಿಯುತ್ತಿರುವುದೇ ಕಾಯಿಲೆ! ಇರುವ 60ನ್ನು ಎಲ್ಲಿಗೆ ಇಳಿಸಬೇಕು? ಮಗಳೇ, ಇದ್ಯಾವುದನ್ನೂ ಮುಟ್ಟಬೇಡ. ಹಾಗಲಕಾಯಿ ಪಲ್ಯ ಒಂದು ತುತ್ತು ತಿಂದರೆ ಪ್ರಾಣ ಹೋಗಲ್ಲ, ಆದರೆ ರಸ ಹಿಂಡಿ ಕುಡಿಸಬೇಡ. ಚಿಕ್ಕಪ್ಪನ ಶುಗರ್ ಮಾತ್ರೆ ಡಬ್ಬಿಯನ್ನೂ ಅವ್ವನ ಕೈಗೆ ಸಿಗದ ಹಾಗೆ ಇಡು. ಮಂಕು ಕವಿದಾಗ ಯಾವ ಮಾತ್ರೆ ಯಾರದು ಅಂತ ಗೊತ್ತಾಗಲ್ಲ.

ಔಷಧಿ ತೋಟ · ಭಾನುವಾರ ಮಧ್ಯಾಹ್ನ 1:15

ಸರಿಯಾಗಿ ಓದಿಕೊಳ್ಳಲಿಲ್ಲ, ಕ್ಷಮಿಸಿ. ಆದರೂ ಕಕ್ಕಡ ಮಾಸದ ಮದ್ದು ಸೊಪ್ಪಿನ ಪಾಯಸ ಕೊಡಬಹುದು ಅಲ್ವಾ, ಅದರಲ್ಲಿ ಬೆಲ್ಲ ಇದೆ.

ಕುಶಾಲನಗರ ಅಮ್ಮಿ · ಭಾನುವಾರ ಮಧ್ಯಾಹ್ನ 1:22

ಬಿಡಲ್ಲ ಇವರು. 😀

ಬಾಳೆಲೆ ಅಜ್ಜಿಮನೆ · ಭಾನುವಾರ ಸಂಜೆ 4:05

ನಮ್ಮ ಅಡುಗೆ ಕೇಳಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ನನಗೆ ಈ ಕಾಯಿಲೆ ಗೊತ್ತಿಲ್ಲ, ಆದರೆ 40 ವರ್ಷದಿಂದ ಕೆಲಸದವರಿಗೆ ಬುತ್ತಿ ಕಟ್ಟಿದ್ದೇನೆ. ಯಾವುದು ಹೊಟ್ಟೆಯಲ್ಲಿ ನಿಲ್ಲುತ್ತೆ, ಯಾವುದು ಹತ್ತು ಗಂಟೆಗೇ ಹಸಿವು ಮಾಡುತ್ತೆ ಅಂತ ಅವರೇ ಹೇಳುತ್ತಾರೆ. ನೂಪುಟ್ಟು, ಅಂದರೆ ಅಕ್ಕಿ ಶಾವಿಗೆ, ನಿಲ್ಲಲ್ಲ. ಅದರಲ್ಲೂ ಬಾಳೆಹಣ್ಣು ಸಕ್ಕರೆ ಜೊತೆ ತಿಂದರೆ ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ಹಸಿವು. ಕಡಂಬುಟ್ಟು ನಿಲ್ಲುತ್ತೆ. ಅದು ಅಕ್ಕಿ ತರಿಯ ಕಡುಬು, ಹಿಟ್ಟಿನದ್ದಲ್ಲ. ಜೊತೆಗೆ ಪಂದಿ ಕರಿ ಇದ್ದರಂತೂ ಸಂಜೆವರೆಗೆ ಮಾತೇ ಇಲ್ಲ. ಮಾಂಸ ತಿನ್ನದವರಿಗೆ ಕಡಲೆ ಸಾರು. ಅಕ್ಕಿ ರೊಟ್ಟಿಗೆ ಎಳ್ಳಿನ ಪಜ್ಜಿ ದಪ್ಪಗೆ ಹಚ್ಚಿ, ಮೇಲೆ ತುಪ್ಪ. ಪಾಪುಟ್ಟುವಿನಲ್ಲಿ ಹಾಲು, ತೆಂಗಿನಕಾಯಿ ಎರಡೂ ಇರುತ್ತೆ. ಸಕ್ಕರೆ ಹಾಕದೆ ಮಾಡಿ ರಾತ್ರಿಗೆ ಒಂದು ತುಂಡು ಇಟ್ಟುಕೊಳ್ಳಿ. ತಣ್ಣಗಾದರೂ ತಿನ್ನಬಹುದು, ರಾತ್ರಿ 2 ಗಂಟೆಗೆ ಒಲೆ ಹಚ್ಚುವ ಕಷ್ಟ ಇಲ್ಲ.

ಶುಂಠಿಕೊಪ್ಪ ಸೈಕಲ್ · ಭಾನುವಾರ ಸಂಜೆ 4:20

ಅಜ್ಜಿ, ನನ್ನ ಡಯಟಿಷಿಯನ್ ಎರಡು ಪುಟ ಪ್ರಿಂಟ್ ಮಾಡಿ ಕೊಟ್ಟದ್ದು ಇದೇ. ಅದರಲ್ಲಿ ಓಟ್ಸ್, ಗ್ರೀಕ್ ಮೊಸರು ಅಂತ ಇತ್ತು ಅಷ್ಟೆ.

ಅಮ್ಮತ್ತಿ ಅಡ್ಡರಸ್ತೆ · ಭಾನುವಾರ ಸಂಜೆ 5:40

ಪಂದಿ ಕರಿ ದಿನಾ ತಿಂದರೆ ಕೊಲೆಸ್ಟ್ರಾಲ್ ಏರಲ್ವಾ? ಈಗಲೇ 9 ಕೆಜಿ ಜಾಸ್ತಿ ಆಗಿದ್ದಾರೆ ಅಂತೀರಿ. ಒಂದನ್ನು ಸರಿ ಮಾಡಲು ಹೋಗಿ ಇನ್ನೊಂದು ತರಬೇಡಿ.

ಹಳೇ ನರ್ಸಮ್ಮ · ಭಾನುವಾರ ಸಂಜೆ 6:00

ದಿನಾ ಬೇಡ, ಒಪ್ಪಿದೆ. ಮೀನು, ಮೊಟ್ಟೆ, ಕಾಳು ಬದಲಿಸಿ ಬದಲಿಸಿ ಕೊಡಲಿ. ಆದರೆ ಆ 9 ಕೆಜಿ ಬಂದದ್ದು ಹಂದಿ ಮಾಂಸದಿಂದ ಅಲ್ಲ. ಇನ್ಸುಲಿನ್ ಜಾಸ್ತಿ ಇದ್ದರೆ ಹಸಿವೂ ಜಾಸ್ತಿ, ಕೊಬ್ಬು ಕೂಡುವುದೂ ಜಾಸ್ತಿ. ಮೇಲಿಂದ ಜೇನು. ಐದು ವಾರದಲ್ಲಿ ತೂಕ ಇಳಿಸುವ ಯೋಚನೆ ಬೇಡ. ಮೊದಲು ರಾತ್ರಿ ದಾಟಲಿ.

ಸಿದ್ದಾಪುರ ಪೇಟೆ · ಭಾನುವಾರ ರಾತ್ರಿ 8:30

ನನ್ನ ಅಣ್ಣನಿಗೆ ಗೊತ್ತಾದದ್ದು ರಂಜಾನ್‌ನಲ್ಲಿ. ಸಂಜೆ ನಾಲ್ಕಕ್ಕೆ ಅಂಗಡಿಯಲ್ಲಿ ಗಿರಾಕಿಗೆ ಚಿಲ್ಲರೆ ಎಣಿಸಿಕೊಡುತ್ತಾ ಹತ್ತು ರೂಪಾಯಿಗೆ ಐನೂರರ ನೋಟು ಕೊಟ್ಟ, ಆಮೇಲೆ ಗಿರಾಕಿಗೇ ಬೈದ. ಉಪವಾಸದ ಸುಸ್ತು ಅಂದುಕೊಂಡೆವು. ಇಫ್ತಾರ್‌ಗೆ ಖರ್ಜೂರ ತಿಂದ ಹತ್ತೇ ನಿಮಿಷದಲ್ಲಿ ಮನುಷ್ಯ ಸರಿಹೋದ. ಅದನ್ನು ಹೇಳಿದ ಮೇಲೇ ಡಾಕ್ಟರಿಗೆ ಅನುಮಾನ ಬಂದದ್ದು. ಲಕ್ಷಣ ಇರಬೇಕು, ಆಗ ಶುಗರ್ ಕಮ್ಮಿ ಇರಬೇಕು, ಸಿಹಿ ಕೊಟ್ಟರೆ ಲಕ್ಷಣ ಹೋಗಬೇಕು. ಈ ಮೂರೂ ಕೂಡಿದರೆ ವಿಪ್ಪಲ್ ಎಂಬ ಸರ್ಜನ್ ಹೆಸರಿಟ್ಟು ಕರೆಯುತ್ತಾರಂತೆ.

ಮಾರನೇ ವರ್ಷ ಅಣ್ಣ ಉಪವಾಸ ಹಿಡಿಯುತ್ತೇನೆ ಅಂತ ಹಟ ಮಾಡಿದ. ಕಾಯಿಲೆ ಇದ್ದವರಿಗೆ ವಿನಾಯಿತಿ ಇದೆ ಅಂತ ಉಸ್ತಾದರೇ ಬಂದು ಬೈದು ಹೋದರು.

ಇನ್ನೊಂದು ವಿಷಯ. ಬರ್ತಾ ಬರ್ತಾ ಅವನಿಗೆ ಬೆವರು, ನಡುಕ ಎಲ್ಲ ನಿಂತುಹೋಯಿತು. ವಾಸಿಯಾಯಿತು ಅಂದುಕೊಂಡೆವು. ಅಲ್ಲ! ಪದೇ ಪದೇ ಬಿದ್ದು ಬಿದ್ದು ಮೈ ಎಚ್ಚರಿಕೆ ಕೊಡುವುದನ್ನೇ ಬಿಟ್ಟಿತ್ತು. ಚುಚ್ಚಿದರೆ 45, ಆಸಾಮಿ ನಗುತ್ತಾ ಕೂತಿದ್ದಾನೆ. ಬೈಕ್ ಕೀ ಕಿತ್ತಿಟ್ಟೆವು.

ಕಕ್ಕಬ್ಬೆ ಮೆಣಸು · ಭಾನುವಾರ ರಾತ್ರಿ 9:15

ಅವ್ವನಿಗೂ ಈಗ ಬೆವರು ಬರುವುದು ಕಮ್ಮಿ ಆಗಿದೆ. ನಾನೂ ಒಳ್ಳೆಯದು ಅಂದುಕೊಂಡಿದ್ದೆ. ಅವರು ಜೀಪ್ ಓಡಿಸುತ್ತಾರೆ, ತೋಟಕ್ಕೆ. ಇವತ್ತೇ ಕೀ ತೆಗೆದಿಡುತ್ತೇನೆ. ಯುದ್ಧ ಆಗುತ್ತದೆ.

ಇನ್ನೊಂದು ವಿಚಿತ್ರ. ನಿನ್ನೆ ರಾತ್ರಿ 52 ಇತ್ತು, ಜೇನು ಕೊಟ್ಟೆ, 15 ನಿಮಿಷಕ್ಕೆ 214 ತೋರಿಸಿತು. ಆದರೆ ಅವ್ವ ಇನ್ನೂ ಮಂಕಾಗಿಯೇ ಇದ್ದರು.

ಹಾರಂಗಿ ದಂಡೆ · ಭಾನುವಾರ ರಾತ್ರಿ 9:21

ಕೈ ತೊಳೆದಿದ್ರಾ? ಬೆರಳಿಗೆ ಜೇನು ಹತ್ತಿದ್ದರೆ ಮಿಷನ್ ಜೇನಿನ ಶುಗರ್ ತೋರಿಸುತ್ತೆ.

ಕಕ್ಕಬ್ಬೆ ಮೆಣಸು · ಭಾನುವಾರ ರಾತ್ರಿ 9:24

ಇಲ್ಲ. ಬಾಟಲಿ ಹಿಡಿದ ಕೈಯಲ್ಲೇ ಅವರ ಬೆರಳು ಹಿಡಿದಿದ್ದೆ.

ಹಾರಂಗಿ ದಂಡೆ · ಭಾನುವಾರ ರಾತ್ರಿ 9:30

ಅದೇ. ಸೋಪು ನೀರಲ್ಲಿ ತೊಳೆದು, ಒರೆಸಿ, ಆಮೇಲೆ ಚುಚ್ಚಿ. ಸ್ಟ್ರಿಪ್ ಡಬ್ಬಿ ಮುಚ್ಚಳವನ್ನು ಕೂಡಲೇ ಹಾಕಿ. ನಮ್ಮ ಮಳೆಗಾಲದ ತೇವಕ್ಕೆ ಸ್ಟ್ರಿಪ್ ಕೆಟ್ಟು ಏನೇನೋ ನಂಬರ್ ತೋರಿಸುತ್ತೆ. ಒಲೆ ಮೇಲಿನ ಅಟ್ಟದಲ್ಲಿ ಇಡಬೇಡಿ, ಸ್ಟ್ರಿಪ್‌ಗೆ ಬಿಸಿಯೂ ಒಳ್ಳೆಯದಲ್ಲ. ಅನುಮಾನ ಬಂದರೆ ನಂಬರಿಗಿಂತ ಮನುಷ್ಯರನ್ನು ನೋಡಿ.

ನಾಪೋಕ್ಲು ರಾತ್ರಿಪಾಳಿ · ಭಾನುವಾರ ರಾತ್ರಿ 11:05

ಪ್ರಜ್ಞೆ ಇಲ್ಲದಿದ್ದರೆ ಏನು ಮಾಡೋದು? ನಮ್ಮ ಕಡೆ ನಾಲಿಗೆಗೆ ಜೇನು ಸವರುತ್ತಾರೆ.

ಹಳೇ ನರ್ಸಮ್ಮ · ಸೋಮವಾರ ಬೆಳಿಗ್ಗೆ 6:02

ನುಂಗಲು ಆಗದವರ ಬಾಯಿಗೆ ಏನೂ ಹಾಕಬೇಡಿ. ಜೇನೂ ಬೇಡ, ನೀರೂ ಬೇಡ. ಉಸಿರಿನ ನಾಳಕ್ಕೆ ಹೋಗುತ್ತದೆ. ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ. ಗ್ಲುಕಗಾನ್ ಎನ್ನುವ ಇಂಜೆಕ್ಷನ್ ಇದೆ, ಮನೆಯಲ್ಲಿ ಇಡಬೇಕಾ ಅಂತ ನಿಮ್ಮ ಡಾಕ್ಟರನ್ನೇ ಕೇಳಿ.

ನಾಪೋಕ್ಲು ರಾತ್ರಿಪಾಳಿ · ಸೋಮವಾರ ಬೆಳಿಗ್ಗೆ 7:40

108 ಸರಿ, ಆದರೆ ಕಕ್ಕಬ್ಬೆಯಿಂದ ಮಡಿಕೇರಿಗೆ ಒಂದು ಗಂಟೆ ಮೇಲೆ. ಮರ ಬಿದ್ದಿದ್ದರೆ ಅದೂ ಇಲ್ಲ. ಹೋದ ವಾರ ರಾತ್ರಿ ನಾನು ಬರುವಾಗ ರಸ್ತೆ ನಡುವೆ ಆನೆ, ಮರಿ ಜೊತೆ. ಮುಕ್ಕಾಲು ಗಂಟೆ ಲೈಟ್ ಆರಿಸಿ ಕೂತೆ.

ಅಮ್ಮತ್ತಿ ಅಡ್ಡರಸ್ತೆ · ಸೋಮವಾರ ಬೆಳಿಗ್ಗೆ 7:55

ನಮ್ಮ ಕಡೆ ಆನೆ ಹಲಸಿನ ಹಣ್ಣಿಗೆ ಅಂಗಳಕ್ಕೇ ಬರುತ್ತೆ ಮಾರಾಯ್ರೇ. ಕಾಯಿ ಇರುವಾಗಲೇ ಎಲ್ಲ ಇಳಿಸಿಬಿಟ್ಟೆವು.

ಗೋಣಿಕೊಪ್ಪ ಟೈಮ್‌ಪಾಸ್ · ಸೋಮವಾರ ಬೆಳಿಗ್ಗೆ 8:10

ಆನೆಗೆ ಶುಗರ್ ಬರಲ್ವಾ ಹಾಗಾದರೆ?

ಕುಶಾಲನಗರ ಅಮ್ಮಿ · ಸೋಮವಾರ ಬೆಳಿಗ್ಗೆ 8:15

ವಿಷಯಕ್ಕೆ ಬನ್ನಿ!

ಪೊನ್ನಂಪೇಟೆ ಮೇಷ್ಟ್ರು · ಸೋಮವಾರ ಬೆಳಿಗ್ಗೆ 11:30

ಒಂದು ಹಳೆಯ ಸಂಗತಿ ಹೇಳಲೇಬೇಕು, ಮೇಷ್ಟ್ರ ಚಟ. ಇನ್ಸುಲಿನ್ ಕಂಡುಹಿಡಿದದ್ದು 1921ರಲ್ಲಿ, ಕೆನಡಾದ ಟೊರಾಂಟೊದಲ್ಲಿ. ಇಂಥ ಗಡ್ಡೆ ತೆಗೆದು ರೋಗಿಯನ್ನು ಮೊದಲ ಸಲ ಗುಣಪಡಿಸಿದ್ದೂ ಅದೇ ಊರಲ್ಲಿ, 1929ರಲ್ಲಿ, ರಾಸ್ಕೋ ಗ್ರಹಾಂ ಎಂಬ ಸರ್ಜನ್. ಇನ್ಸುಲಿನ್ ಇಲ್ಲದೆ ಸಾಯುತ್ತಿದ್ದವರನ್ನು ಉಳಿಸಿದ ಊರಲ್ಲೇ ಅದು ಜಾಸ್ತಿಯಾದವರೂ ಉಳಿದರು.

ಇನ್ನು ನಮ್ಮ ಊರಿನ ಮಾತು. ಯಾರೂ ಕುಡಿಯುವುದರ ಬಗ್ಗೆ ಬರೆಯಲಿಲ್ಲ. ಕೊಡಗಿನಲ್ಲಿ ಹೆಂಗಸರೂ ಮದುವೆ ಮನೆಯಲ್ಲಿ ಒಂದು ಗ್ಲಾಸ್ ವೈನ್ ತಗೊಳ್ಳುತ್ತಾರೆ, ನಾಚಿಕೆ ಏನಿಲ್ಲ. ಆದರೆ ಖಾಲಿ ಹೊಟ್ಟೆಯಲ್ಲಿ ಲಿವರ್ ಹೊಸ ಸಕ್ಕರೆ ಮಾಡಿ ರಕ್ತಕ್ಕೆ ಬಿಡುತ್ತದಲ್ಲ, ಹೆಂಡ ಅದನ್ನೇ ತಡೆಯುತ್ತದೆ. ಇವರಿಗೆ ಉಳಿದಿರುವ ಆಸರೆ ಅದೊಂದೇ. ಮೇಲಾಗಿ ಮಂಕಾಗಿ ಬಿದ್ದರೆ ಕುಡಿದಿದ್ದಾರೆ ಅಂತ ಜನ ಸುಮ್ನೆ ಬಿಟ್ಟುಬಿಡುತ್ತಾರೆ. ಮನೆಯ ವೈನ್ ಕೂಡ ಬೇಡ.

ಕಕ್ಕಬ್ಬೆ ಮೆಣಸು · ಸೋಮವಾರ ಮಧ್ಯಾಹ್ನ 2:10

ಮೇಷ್ಟ್ರೇ, ಮುಂದಿನ ವಾರ ಅಣ್ಣನ ಕಡೆ ಮದುವೆ ಇದೆ. ಒಳ್ಳೆ ಹೊತ್ತಿಗೆ ಹೇಳಿದಿರಿ.

ಆಸ್ಪತ್ರೆಗೂ ಫೋನ್ ಮಾಡಿದೆ. ಮಲಗುವಾಗ ಕಾರ್ನ್‌ಫ್ಲೋರ್ ಕೊಡಬಹುದು ಅಂದರು, ಅಳತೆಯೂ ಹೇಳಿದರು. ಡಯಾಝಾಕ್ಸೈಡ್ ಅಂತ ಮಾತ್ರೆಯನ್ನೂ ಬರೆದರು.

ಶುಂಠಿಕೊಪ್ಪ ಸೈಕಲ್ · ಸೋಮವಾರ ಮಧ್ಯಾಹ್ನ 2:35

ಅದು ಇನ್ಸುಲಿನ್ ಬಿಡುವುದನ್ನು ತಡೆಯುತ್ತದೆ. ನನಗೆ ಕಾಲು ಊದಿತ್ತು. ಚಪ್ಪಲಿ ಪಟ್ಟಿಯ ಗುರುತು ಹಾಗೇ ಕೂರುತ್ತಿತ್ತು. ಹಾಗಾದರೆ ಕೂಡಲೇ ತಿಳಿಸಿ, ನೀರು ಇಳಿಯಲು ಮಾತ್ರೆ ಕೊಡುತ್ತಾರೆ. ಮುಖದ ಮೇಲೆ ಕೂದಲು ಕೂಡ ಬರಬಹುದು. ಅವ್ವನಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಕನ್ನಡಿ ನೋಡಿ ಗಾಬರಿ ಆಗುತ್ತಾರೆ.

ಹಳೇ ನರ್ಸಮ್ಮ · ಸೋಮವಾರ ಸಂಜೆ 5:15

ಮನೆಯಲ್ಲಿ ಯಾರಿಗಾದರೂ ಪದೇ ಪದೇ ಕಿಡ್ನಿ ಕಲ್ಲು, ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ, ಇಂಥದ್ದು ಇದೆಯಾ? ಇನ್ಸುಲಿನೋಮಾ ಇದ್ದ ಹತ್ತರಲ್ಲಿ ಒಬ್ಬರಿಗೆ ಅದು ಮನೆತನದಲ್ಲಿ ಬರುವ ಕಾಯಿಲೆಯ ಭಾಗ ಆಗಿರುತ್ತದೆ. ಆಗ ಗಡ್ಡೆ ಒಂದಕ್ಕಿಂತ ಜಾಸ್ತಿ ಇರಬಹುದು. ಆಪರೇಷನ್‌ಗೆ ಮೊದಲೇ ಗೊತ್ತಿರಬೇಕು.

ಕಕ್ಕಬ್ಬೆ ಮೆಣಸು · ಸೋಮವಾರ ಸಂಜೆ 5:40

ಅವ್ವನ ತಮ್ಮನಿಗೆ ಎರಡು ಸಲ ಕಲ್ಲು ತೆಗೆಸಿದ್ದಾರೆ. ನಾಳೆಯೇ ಡಾಕ್ಟರಿಗೆ ಹೇಳುತ್ತೇನೆ.

ಕಕ್ಕಬ್ಬೆ ಮೆಣಸು · ಭಾನುವಾರ ರಾತ್ರಿ 10:50

ಒಂದು ವಾರ ಆಯಿತು, ವರದಿ ಒಪ್ಪಿಸಬೇಕಲ್ಲ. ಊಟ ಎಂಟೂವರೆಗೆ ಮುಂದೂಡಿದೆವು. ಹತ್ತೂವರೆಗೆ ಕಾರ್ನ್‌ಫ್ಲೋರ್. ಸುಣ್ಣದ ನೀರು ಕುಡಿಸಿ ಕೊಲ್ಲುತ್ತೀಯಾ ಅಂತ ಮೊದಲ ದಿನ ಬೈದರು, ಈಗ ಮೂಗು ಹಿಡಿದು ಕುಡಿಯುತ್ತಾರೆ. ರಾತ್ರಿ 2ಕ್ಕೆ ಅಲಾರಂ ಇಟ್ಟು ನೋಡುತ್ತೇನೆ. 74, 68, 81, 77. ಗುರುವಾರ ಮಾತ್ರ 49. ಆ ದಿನ ನೆಂಟರು ಬಂದು ಮಾತಾಡುತ್ತಾ ರಾತ್ರಿಯದ್ದು ತಪ್ಪಿತು.

ಬೆಲ್ಲದ ಕಾಫಿ ಮಾತ್ರ ಬಿಡಿಸಲು ಆಗಿಲ್ಲ. ನಿನ್ನೆ ಹಾಸಿಗೆ ಕೊಡವುವಾಗ ದಿಂಬಿನ ಕೆಳಗೆ ಪೇಪರಿನಲ್ಲಿ ಸುತ್ತಿದ ಬೆಲ್ಲದ ಅಚ್ಚು ಸಿಕ್ಕಿತು. ಮೂಲೆಯಲ್ಲಿ ಹಲ್ಲಿನ ಗುರುತು.

ಬಾಳೆಲೆ ಅಜ್ಜಿಮನೆ · ಭಾನುವಾರ ರಾತ್ರಿ 11:02

ಇರಲಿ ಬಿಡು ಮಗಳೇ. ನೀನು ಎದ್ದೇಳದಿದ್ದರೆ ಅಂತ ಇಟ್ಟುಕೊಂಡಿರುತ್ತಾರೆ.

ಹಳೇ ನರ್ಸಮ್ಮ · ಭಾನುವಾರ ರಾತ್ರಿ 11:10

ಹೌದು, ಅದು ಅಲ್ಲೇ ಇರಲಿ, ಪಕ್ಕದಲ್ಲಿ ನಾಲ್ಕು ಬಿಸ್ಕತ್ತನ್ನೂ ಇಡು. ಮೈಸೂರಿಗೆ ಹೋಗುವ ದಿನ ಬುತ್ತಿ ಕಟ್ಟಿಕೊ, ಆನೆಚೌಕೂರು ಕಾಡಿನೊಳಗೆ ಏನೂ ಸಿಗಲ್ಲ. ಆಪರೇಷನ್‌ಗೆ ಹೊಟ್ಟೆ ಖಾಲಿ ಬಿಡಿಸುತ್ತಾರಲ್ಲ, ಅದನ್ನು ಮನೆಯಲ್ಲಿ ಮಾಡಬೇಡ. ಹಿಂದಿನ ದಿನವೇ ಅಡ್ಮಿಟ್ ಮಾಡಿ ಗ್ಲೂಕೋಸ್ ಡ್ರಿಪ್ ಹಾಕುತ್ತಾರಾ ಅಂತ ಕೇಳು.

ಕಕ್ಕಬ್ಬೆ ಮೆಣಸು · ಸೋಮವಾರ ರಾತ್ರಿ 1:58

ಬರೆದುಕೊಂಡೆ ಆಂಟಿ. ಅಲಾರಂಗಿಂತ ಮೊದಲೇ ಎಚ್ಚರ ಆಯಿತು. ಹೋಗಿ ಚುಚ್ಚಿ ಬರುತ್ತೇನೆ.

ಕಕ್ಕಬ್ಬೆ ಮೆಣಸು · ಸೋಮವಾರ ರಾತ್ರಿ 2:06

79. ಕೈ ತೊಳೆದೇ ಚುಚ್ಚಿದ್ದು. ಎದ್ದು ಕೂತು, ಜೀಪ್ ಕೀ ಎಲ್ಲಿ ಅಂತ ಕೇಳುತ್ತಿದ್ದಾರೆ.